ಹೆಸರಿನ ವ್ಯತ್ಯಾಸ: ಹಾಸನ ಜಿಲ್ಲೆಯ ವಿದ್ಯಾರ್ಥಿ ದಾಖಲೆಗಳಲ್ಲಿ ಲಿಪ್ಯಂತರ, ಇನಿಷಿಯಲ್ ಮತ್ತು ಗುರುತು

ಹತ್ತನೆಯ ತರಗತಿ ದಾಟಿ ಕಾಲೇಜಿನ ಬಾಗಿಲಿಗೆ ಬರುವ ವಿದ್ಯಾರ್ಥಿಯ ಹೆಸರು ಅಷ್ಟು ಹೊತ್ತಿಗೆ ಕನಿಷ್ಠ ಐದು ಕಡೆ ಬರೆಯಲ್ಪಟ್ಟಿರುತ್ತದೆ: ಶಾಲೆಯ ದಾಖಲಾತಿ ಪುಸ್ತಕ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ನಾಡಕಚೇರಿ ಕೊಟ್ಟ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಪುಸ್ತಕ. ಬರೆದ ಕೈಗಳು ಬೇರೆ, ಬರೆದ ವರ್ಷಗಳು ಬೇರೆ, ಲಿಪಿಗಳು ಎರಡು. ಈ ಐದೂ ಅಕ್ಷರಶಃ ಒಂದೇ ಆಗಿರಬೇಕೆಂಬ ನಿರೀಕ್ಷೆ ಕಾಗದದ ಕಾಲದಲ್ಲಿ ಇಷ್ಟು ಬಿಗಿಯಾಗಿರಲಿಲ್ಲ. ಗುಮಾಸ್ತನು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಹುಡುಗನ ಮುಖವನ್ನೂ ನೋಡಿ, ಒಪ್ಪುತ್ತಿದ್ದ. ಇಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಜಿ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಕೇಳಿ ಕಂದಾಯ ಇಲಾಖೆಯ ದತ್ತಾಂಶದೊಂದಿಗೆ ತಾಳೆ ನೋಡುತ್ತದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಆಧಾರ್ ಕೇಳುತ್ತದೆ. ‘ಅಪಾರ್’ ಗುರುತು ಸಂಖ್ಯೆ ಸೃಷ್ಟಿಯಾಗಬೇಕಾದರೆ ಶಾಲೆಯ ದತ್ತಾಂಶದ ಹೆಸರೂ ಆಧಾರ್‌ನ ಹೆಸರೂ ಕೂಡಬೇಕು. ತಾಳೆಯಾಗದಿದ್ದರೆ ಮೀಸಲಾತಿಯ ಸೀಟು, ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ ಇವುಗಳಲ್ಲಿ ಯಾವುದಾದರೂ ಒಂದು ತಡೆಹಿಡಿಯಲ್ಪಡುತ್ತದೆ.

ಈ ವ್ಯತ್ಯಾಸಗಳನ್ನು ಆಡಳಿತವು ‘ತಪ್ಪು’ ಎಂಬ ಒಂದೇ ಹೆಸರಿನಿಂದ ಕರೆಯುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳ ಹೆಸರುಗಳನ್ನು ಆಧಾರವಾಗಿಟ್ಟುಕೊಂಡು ಪ್ರಸ್ತುತ ಲೇಖನವು ತೋರಿಸಲು ಯತ್ನಿಸುವುದು ಇಷ್ಟು: ಇವುಗಳಲ್ಲಿ ಬಹುಪಾಲು ಕೈತಪ್ಪುಗಳಲ್ಲ, ಕನ್ನಡದ ಧ್ವನಿರಚನೆ, ಅಕ್ಷರವ್ಯವಸ್ಥೆ ಮತ್ತು ಗೌರವಸೂಚಕ ಪದ್ಧತಿಗಳಿಂದ ನಿಯಮಬದ್ಧವಾಗಿ ಹುಟ್ಟುವ ರೂಪಭೇದಗಳು. ನಿಯಮ ತಿಳಿದರೆ ಪರಿಹಾರದ ದಾರಿಯೂ ಬದಲಾಗುತ್ತದೆ.

ಒಂದು ಸೂಚನೆ. ರೋಮನ್ ಅಕ್ಷರಗಳನ್ನು ಇಲ್ಲಿ ಅವುಗಳ ಕನ್ನಡ ಉಚ್ಚಾರದ ಹೆಸರಿನಿಂದಲೇ, ನಡುವೆ ಅಡ್ಡಗೆರೆಯಿಟ್ಟು ಕೊಡಲಾಗಿದೆ. ಕಚೇರಿಯ ಕಿಂಡಿಯಲ್ಲಿ ಕಾಗುಣಿತವನ್ನು ಹೇಳಿ ಬರೆಸುವುದೂ ಹೀಗೆಯೇ. ಸಾರ್ವಜನಿಕ ವ್ಯಕ್ತಿಗಳ ಹೆಸರುಗಳನ್ನು ಬಿಟ್ಟರೆ ಉಳಿದ ವ್ಯಕ್ತಿನಾಮಗಳೆಲ್ಲ ಉದಾಹರಣೆಗಾಗಿ ಆಯ್ದ ಸಾಮಾನ್ಯ ಹೆಸರುಗಳು.

೧. ಊರುಗಳಿಂದ ಆರಂಭ

ವ್ಯಕ್ತಿನಾಮಗಳ ಸಮಸ್ಯೆ ಊರಿನ ಹೆಸರಿನಲ್ಲೇ ಕಾಣಿಸಿಕೊಳ್ಳುತ್ತದೆ. ‘ಹಾಸನ’ದ ರೋಮನ್ ರೂಪ ಎಚ್-ಎ-ಎಸ್-ಎಸ್-ಎ-ಎನ್. ಕನ್ನಡದಲ್ಲಿರುವ ದೀರ್ಘಸ್ವರ ಅಲ್ಲಿಲ್ಲ. ಕನ್ನಡದಲ್ಲಿಲ್ಲದ ದ್ವಿತ್ವ ಅಲ್ಲಿದೆ. ಕೊನೆಯ ಅಕಾರ ಬಿದ್ದುಹೋಗಿದೆ. ಕನ್ನಡ ಬಲ್ಲವರು ಅದನ್ನು ಹಾಸನವೆಂದು ಓದುವುದು ಮೊದಲೇ ಊರು ಗೊತ್ತಿರುವುದರಿಂದ, ಅಕ್ಷರಗಳ ಬಲದಿಂದಲ್ಲ. ಊರು ಗೊತ್ತಿಲ್ಲದ ತಂತ್ರಾಂಶಕ್ಕೆ ಅದೇ ಅಕ್ಷರಸರಣಿ ‘ಹಸ್ಸನ್’ ಎಂದೂ ‘ಹಸನ್’ ಎಂಬ ವ್ಯಕ್ತಿನಾಮವೆಂದೂ ಕಾಣಬಹುದು. ‘ಅರಕಲಗೂಡು’ ರೋಮನ್‌ಗೆ ಹೋಗುವಾಗ ರಕಾರದ ಸ್ವರವನ್ನೂ ಲಕಾರದ ಸ್ವರವನ್ನೂ ಕೊನೆಯ ಉಕಾರವನ್ನೂ ಕಳೆದುಕೊಂಡು ಎ-ಆರ್-ಕೆ-ಎ-ಎಲ್-ಜಿ-ಯು-ಡಿ ಆಗಿದೆ. ಹೊಳೆನರಸೀಪುರಕ್ಕೆ ಸ್ವರ ಉಳಿಸಿಕೊಂಡ ರೂಪವೂ ಬಿಟ್ಟ ರೂಪವೂ ರೋಮನ್‌ನಲ್ಲಿ ಬಳಕೆಯಲ್ಲಿವೆ. ಚನ್ನರಾಯಪಟ್ಟಣದ ಮೊದಲ ಅಕ್ಷರ ಕನ್ನಡದಲ್ಲೇ ‘ಚ’ ಮತ್ತು ‘ಚೆ’ಗಳ ನಡುವೆ ತೂಗಾಡುತ್ತದೆ.

೨೦೧೪ರ ನವೆಂಬರ್ ೧ರಂದು ರಾಜ್ಯ ಸರ್ಕಾರ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತವನ್ನು ಕನ್ನಡ ಉಚ್ಚಾರಕ್ಕೆ ಹೊಂದಿಸಿತು. ಬೆಂಗಳೂರು, ಮೈಸೂರು, ತುಮಕೂರು ಆ ಪಟ್ಟಿಯಲ್ಲಿದ್ದವು, ಹಾಸನ ಇರಲಿಲ್ಲ. ಊರಿಗೆ ಅಧಿಸೂಚನೆಯ ಮೂಲಕ ಒಮ್ಮೆಗೇ ಕಾಗುಣಿತ ಬದಲಿಸಿಕೊಡುವ ಆಡಳಿತ, ವ್ಯಕ್ತಿಗೆ ಅದೇ ಬದಲಾವಣೆಯನ್ನು ಛಾಪಾಕಾಗದದ ಮೇಲೆ ಪ್ರಮಾಣ ಮಾಡಿ ಪಡೆಯಲು ಹೇಳುತ್ತದೆ ಎಂಬುದನ್ನು ಇಲ್ಲಿ ಗಮನಿಸಿ ಮುಂದೆ ಹೋಗಬಹುದು.

೨. ಧ್ವನಿ ಮತ್ತು ಲಿಪಿ

ದಕ್ಷಿಣ ಭಾರತದ ರೋಮನ್ ಬರವಣಿಗೆಯಲ್ಲಿ ಟಿ ಅಕ್ಷರ ಮೂರ್ಧನ್ಯ ‘ಟ’ಕ್ಕೆ ಮೀಸಲು, ದಂತ್ಯ ‘ತ’ಕ್ಕೆ ಟಿ-ಎಚ್ ಜೋಡಿ. ಉತ್ತರದಲ್ಲಿ ಟಿ-ಎಚ್ ಮಹಾಪ್ರಾಣದ ಗುರುತು. ಎರಡೂ ಪದ್ಧತಿಗಳು ಒಳಗೊಳಗೆ ಸುಸಂಗತವೇ. ತೊಡಕು ಹುಟ್ಟುವುದು ಅವು ಸಂಧಿಸುವಲ್ಲಿ. ಚನ್ನರಾಯಪಟ್ಟಣದ ಶಾಲೆಯಲ್ಲಿ ‘ಲತಾ’ ಎಂದು ದಾಖಲಾದ ಹುಡುಗಿ ರೋಮನ್‌ನಲ್ಲಿ ಎಲ್-ಎ-ಟಿ-ಎಚ್-ಎ ಆಗುತ್ತಾಳೆ. ಆಧಾರ್ ನೋಂದಣಿಯ ತಂತ್ರಾಂಶ ಇಂಗ್ಲಿಷ್‌ನಲ್ಲಿ ಒತ್ತಿದ ಹೆಸರನ್ನು ತಾನೇ ಕನ್ನಡಕ್ಕೆ ಲಿಪ್ಯಂತರಿಸಿ ತೋರಿಸುತ್ತದೆ. ನಿರ್ವಾಹಕನು ತಿದ್ದದಿದ್ದರೆ ಅವಳು ‘ಲಥಾ’ ಆಗಿ ಹಿಂತಿರುಗುತ್ತಾಳೆ. ಕನ್ನಡದಿಂದ ರೋಮನ್‌ಗೆ ಹೋಗುವ ದಾರಿ ಮತ್ತು ರೋಮನ್‌ನಿಂದ ಕನ್ನಡಕ್ಕೆ ಬರುವ ದಾರಿ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಡ. ೨೦೦೧ರ ಐಎಸ್‌ಒ ೧೫೯೧೯ ಮಾನಕದಲ್ಲಿ ಈ ಗೊಂದಲಕ್ಕೆ ಅವಕಾಶವಿಲ್ಲ. ಆದರೆ ಅದರ ಮಾತ್ರಾಚಿಹ್ನೆಗಳನ್ನೂ ಕೆಳಚುಕ್ಕಿಗಳನ್ನೂ ಯಾವ ಅರ್ಜಿನಮೂನೆಯೂ ಸ್ವೀಕರಿಸುವುದಿಲ್ಲ.

ಪದಾಂತ್ಯದ ಅಕಾರ ಇನ್ನೂ ಸೂಕ್ಷ್ಮವಾದುದು. ಕನ್ನಡ ಪದಗಳು ಸ್ವರದಲ್ಲಿ ಮುಗಿಯಲು ಬಯಸುತ್ತವೆ. ಸಂಸ್ಕೃತದ ಅಕಾರಾಂತ ನಾಮಗಳು ಕನ್ನಡದಲ್ಲಿ ಅಕಾರವನ್ನು ಉಳಿಸಿಕೊಳ್ಳುತ್ತವೆ. ಆದ್ದರಿಂದ ಹಳ್ಳಿಯ ಶಾಲೆಯ ದಾಖಲಾತಿಯಲ್ಲಿ ‘ರಮೇಶ’, ‘ಮಂಜುನಾಥ’, ‘ನಾಗರಾಜ’. ನಗರದ ಹಾಗೂ ಹಿಂದಿಯ ಪ್ರಭಾವದಿಂದ ವ್ಯಂಜನಾಂತವಾದ ‘ರಮೇಶ್’, ‘ಮಂಜುನಾಥ್’, ‘ನಾಗರಾಜ್’ ಬಂದವು. ಇಂದು ಈ ಎರಡು ರೂಪಗಳ ನಡುವಿನ ಅಂತರ ಧ್ವನಿಯದಷ್ಟೇ ಅಲ್ಲ, ಸಾಮಾಜಿಕವಾದದ್ದೂ ಹೌದು. ಅಂಕಪಟ್ಟಿಯಲ್ಲಿ ಕೊನೆಗೆ ಎ ಅಕ್ಷರವಿರುವ ಹೆಸರನ್ನು ಕಂಡರೆ ಹಳೆಯ ಮೈಸೂರಿನ ಯಾರಾದರೂ ಹಳ್ಳಿಯ ಹುಡುಗನನ್ನು ಊಹಿಸಿಕೊಳ್ಳುತ್ತಾರೆ. ಆ ಹುಡುಗನಿಗೂ ಅದು ಗೊತ್ತು. ಬ್ಯಾಂಕ್ ಖಾತೆ ತೆರೆಯುವಾಗಲೋ ಆಧಾರ್ ನವೀಕರಿಸುವಾಗಲೋ ಅವನೇ ಆ ಎ ಅಕ್ಷರವನ್ನು ಬಿಟ್ಟುಬಿಡುತ್ತಾನೆ. ಒಂದು ಅಕ್ಷರದ ಈ ಲೋಪವನ್ನು ಆಡಳಿತ ಕಣ್ತಪ್ಪೆಂದು ಭಾವಿಸುತ್ತದೆ. ಸಮಾಜಭಾಷಾವಿಜ್ಞಾನ ಇದನ್ನು ಶೈಲಿಯ ಆಯ್ಕೆ ಎಂದು ಕರೆಯುತ್ತದೆ.

ಸ್ತ್ರೀನಾಮಗಳಲ್ಲಿ ಇದರ ಪ್ರತಿಬಿಂಬವಿದೆ. ಸಂಸ್ಕೃತದ ಆಕಾರಾಂತ ಪದ ಕನ್ನಡದಲ್ಲಿ ಎಕಾರಾಂತವೋ ಅಕಾರಾಂತವೋ ಆಗುವುದನ್ನು ಹದಿಮೂರನೆಯ ಶತಮಾನದ ಕೇಶಿರಾಜನೇ ಗುರುತಿಸಿದ್ದಾನೆ. ‘ಗೀತಾ’, ‘ಗೀತ’, ‘ಗೀತೆ’ ಮೂರೂ ವ್ಯಾಕರಣಬದ್ಧ. ರೋಮನ್‌ನಲ್ಲಿ ಮೊದಲೆರಡರ ಭೇದ ಅಳಿಸಿಹೋಗುವುದರಿಂದ ಅಲ್ಲಿ ತೊಂದರೆಯಿಲ್ಲ. ಕನ್ನಡ ದಾಖಲೆಗಳನ್ನು ಪರಸ್ಪರ ಹೋಲಿಸಿದಾಗ ಮಾತ್ರ ತೊಂದರೆ.

ಉಪಭಾಷೆಯ ಪಾತ್ರವೂ ಇದೆ. ೧೯೬೦ರಲ್ಲಿ ವಿಲಿಯಂ ಬ್ರೈಟ್ ಬೆಂಗಳೂರಿನ ಬ್ರಾಹ್ಮಣ ಮತ್ತು ಬ್ರಾಹ್ಮಣೇತರ ಕನ್ನಡಗಳನ್ನು ಹೋಲಿಸಿ, ಎರವಲು ಧ್ವನಿಗಳನ್ನು ಮೊದಲನೆಯದು ಹೆಚ್ಚು ಉಳಿಸಿಕೊಂಡಿರುವುದನ್ನು ಚರ್ಚಿಸಿದರು. ಹಾಸನ ಸೀಮೆಯ ಗ್ರಾಮೀಣ ಆಡುಮಾತಿನಲ್ಲೂ ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ಪದಾದಿಯ ಹಕಾರ ಜಾರುತ್ತದೆ, ಶಕಾರ ಸಕಾರದತ್ತ ವಾಲುತ್ತದೆ. ತಾಯಿ ‘ಬೈರಪ್ಪ’ ಎಂದು ಹೇಳಿದ್ದನ್ನು ಮೇಷ್ಟ್ರು ‘ಭೈರಪ್ಪ’ ಎಂದು ತಿದ್ದಿ ಬರೆಯುವುದೂ, ಹೇಳಿದಂತೆಯೇ ಬರೆಯುವುದೂ, ಎರಡೂ ನಡೆದಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಕಾದಂಬರಿಕಾರ ಭೈರಪ್ಪನವರ ರೋಮನ್ ಕಾಗುಣಿತದಲ್ಲಿ ‘ಭೈ’ ಅಕ್ಷರ ಬಿ-ಎಚ್-ವೈ ಆಗಿದೆ: ಮಹಾಪ್ರಾಣ ಉಳಿದು, ಐಕಾರಕ್ಕೆ ಒಂಟಿ ವೈ. ಅದೇ ಹೆಸರಿನ ಇತರರು ಬಿ-ವೈ ಎಂದೂ ಬಿ-ಎಚ್-ಎ-ಐ ಎಂದೂ ಬರೆಯುತ್ತಾರೆ. ಪದಾದಿಯ ಎಕಾರಕ್ಕೆ ಯಕಾರವೂ ಒಕಾರಕ್ಕೆ ವಕಾರವೂ ಸೇರಿಕೊಳ್ಳುವ ಪ್ರವೃತ್ತಿಯಿಂದ ‘ಎಲ್ಲಪ್ಪ’ ‘ಯಲ್ಲಪ್ಪ’ಗಳು, ‘ಒಡೆಯರ್’ ‘ವಡೆಯರ್’ಗಳು ಜೊತೆಜೊತೆಯಾಗಿ ಬಾಳುತ್ತವೆ.

೩. ಇನಿಷಿಯಲ್

ಹಳೆಯ ಮೈಸೂರಿನ ಹೆಸರಿನ ಸಾಂಪ್ರದಾಯಿಕ ವಿನ್ಯಾಸ ಊರು, ತಂದೆ, ತಾನು. ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪ. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್. ಇಲ್ಲಿ ಕುಲನಾಮವೆಂಬುದು ಇಲ್ಲ. ಊರು ಕೂಡ ಜನ್ಮಸ್ಥಳವೇ ಆಗಬೇಕೆಂದಿಲ್ಲ: ಕೃಷ್ಣರಾಯರು ಹುಟ್ಟಿದ್ದು ಕೋಲಾರದಲ್ಲಿ; ಹೆಸರಿನ ಅರಕಲಗೂಡು ವಂಶದ ಮೂಲವನ್ನು ಹೇಳುತ್ತದೆ.

ಈ ಮೂರು ಭಾಗಗಳನ್ನು ಸಂಕ್ಷೇಪಿಸುವ ಎರಡು ಪದ್ಧತಿಗಳು ಕನ್ನಡದಲ್ಲಿವೆ. ಕೃಷ್ಣರಾಯರು ‘ಅ.ನ.ಕೃ.’ ಆದದ್ದು ಅಕ್ಷರಪದ್ಧತಿಯಿಂದ: ಪ್ರತಿ ಪದದ ಮೊದಲ ಅಕ್ಷರ, ಅದರ ಒತ್ತು ಮತ್ತು ಸ್ವರದೊಂದಿಗೆ. ಭೈರಪ್ಪನವರು ‘ಎಸ್.ಎಲ್.’ ಆದದ್ದು ರೋಮನ್ ಪದ್ಧತಿಯಿಂದ: ಪ್ರತಿ ಪದದ ರೋಮನ್ ರೂಪದ ಮೊದಲ ಅಕ್ಷರದ ಇಂಗ್ಲಿಷ್ ಹೆಸರನ್ನು ಕನ್ನಡದಲ್ಲಿ ಬರೆದದ್ದು. ಎರಡನೆಯದು ಗೆದ್ದಿದೆ, ಇಂದಿನ ಶಾಲಾ ದಾಖಲೆಗಳೆಲ್ಲ ಅದನ್ನೇ ಅನುಸರಿಸುತ್ತವೆ. ಗೆಲುವಿಗೆ ತೆತ್ತ ಬೆಲೆಯನ್ನು ಹೊಳೆನರಸೀಪುರದ ಒಂದು ಪ್ರಸಿದ್ಧ ಕುಟುಂಬದಲ್ಲಿ ನೋಡಬಹುದು. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ‘ಡಿ’ ದೊಡ್ಡೇಗೌಡ. ಅವರ ಮಗ ಎಚ್.ಡಿ. ಕುಮಾರಸ್ವಾಮಿಯವರ ‘ಡಿ’ ದೇವೇಗೌಡ. ಎರಡು ತಲೆಮಾರಿನ ಇಬ್ಬರು ಬೇರೆ ಬೇರೆ ತಂದೆಯರು ಒಂದೇ ಅಕ್ಷರದಲ್ಲಿ ಅಡಗಿದ್ದಾರೆ. ಅಕ್ಷರಪದ್ಧತಿಯಲ್ಲಿ ಬರೆದಿದ್ದರೆ ಒಬ್ಬರು ‘ಹ.ದೊ.’, ಇನ್ನೊಬ್ಬರು ‘ಹ.ದೇ.’ ಆಗುತ್ತಿದ್ದರು, ಭೇದ ಉಳಿಯುತ್ತಿತ್ತು. ಮೇಲಾಗಿ ಎರಡೂ ಹೆಸರುಗಳು ದಂತ್ಯ ದಕಾರದಿಂದ ಆರಂಭವಾದರೂ ಇನಿಷಿಯಲ್ ಮೂರ್ಧನ್ಯ ‘ಡಿ’ ಆಗಿದೆ. ಇಂಗ್ಲಿಷ್ ಅಕ್ಷರದ ಹೆಸರು ಕನ್ನಡ ಧ್ವನಿಯ ಸ್ಥಾನವನ್ನು ಕಬಳಿಸಿದೆ.

ಹಾಸನ ಜಿಲ್ಲೆಯಲ್ಲಿ ‘ಎಚ್’ನ ಕಥೆ ಬೇರೆಯೇ. ಹಾಸನ, ಹೊಳೆನರಸೀಪುರ, ಹರದನಹಳ್ಳಿ ಎಲ್ಲವೂ ಎಚ್. ಅದನ್ನು ಕನ್ನಡದಲ್ಲಿ ಬರೆಯುವಾಗ ‘ಎಚ್’ ಎಂದೂ ‘ಹೆಚ್’ ಎಂದೂ ಎರಡು ರೂಪಗಳು, ಇಂಗ್ಲಿಷ್‌ನಲ್ಲೇ ಆ ಅಕ್ಷರಕ್ಕೆ ಹಕಾರವಿರುವ ಮತ್ತು ಇಲ್ಲದ ಎರಡು ಉಚ್ಚಾರಗಳಿರುವುದರಿಂದ. ಕನ್ನಡ ಪತ್ರಿಕೆಗಳು ಒಂದೊಂದು ಒಂದೊಂದನ್ನು ಪಾಲಿಸುತ್ತವೆ. ರೋಮನ್‌ನಲ್ಲಿ ಪೂರ್ಣ ತಾಳೆಯಾಗುವ ಹೆಸರು ಕನ್ನಡದಲ್ಲಿ ತಾಳೆಯಾಗದಿರುವ ಅಪರೂಪದ ಸಂದರ್ಭ ಇದು.

ಇನ್ನು ಸ್ಥಾನ. ಹಿಂದೆ ಹೆಸರಿನ ಮುಂದಿದ್ದ ಇನಿಷಿಯಲ್ ಶಾಲಾ ಪಟ್ಟಿಗಳಲ್ಲಿ ಹಿಂದಕ್ಕೆ ಸರಿದಿದೆ: ‘ಎಚ್.ಕೆ. ರಮ್ಯ’ ಈಗ ‘ರಮ್ಯ ಎಚ್.ಕೆ.’ ಅಕಾರಾದಿಯಾಗಿ ಹಾಜರಿ ಪಟ್ಟಿ ಮಾಡುವವರಿಗೆ ಇದು ಅನುಕೂಲ. ಆದರೆ ಹೆಸರನ್ನು ಮೊದಲ, ನಡು, ಕೊನೆ ಎಂದು ಮೂರು ಖಾನೆಗಳಾಗಿ ಒಡೆಯುವ ನಮೂನೆಗೆ ಕೊನೆಯ ತುಂಡು ಕುಲನಾಮ. ಆಗ ರಮ್ಯಳ ಕುಲನಾಮ ‘ಕೆ’ ಅಥವಾ ‘ಎಚ್‌ಕೆ’. ಚುಕ್ಕಿಯಿರುವ, ಜಾಗ ಬಿಟ್ಟ, ಕೂಡಿಸಿ ಬರೆದ ಮೂರು ಇನಿಷಿಯಲ್‌ಗಳು ಯಂತ್ರಕ್ಕೆ ಮೂರು ಹೆಸರುಗಳು. ಪಾಸ್‌ಪೋರ್ಟ್ ಅರ್ಜಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಲು ಕೇಳುತ್ತದೆ. ಆಗ ಅಂಕಪಟ್ಟಿಯಲ್ಲಿಲ್ಲದ ಎರಡು ಪೂರ್ಣಪದಗಳು ಮೊದಲ ಬಾರಿಗೆ ದಾಖಲೆಗೆ ಬರುತ್ತವೆ. ವಿದೇಶಿ ವಿಶ್ವವಿದ್ಯಾಲಯಗಳಿಗೆ ಬೇಕಾದ ಟೋಫೆಲ್, ಜಿಆರ್‌ಇ ಪರೀಕ್ಷೆಗಳು ಗುರುತುಪತ್ರದ ಹೆಸರನ್ನೇ ಬಯಸುವುದರಿಂದ ಅಂಕಪಟ್ಟಿಯೂ ಪರೀಕ್ಷಾ ದಾಖಲೆಯೂ ಅಲ್ಲಿ ಬೇರೆಯಾಗುವುದು ಬಹುತೇಕ ಅನಿವಾರ್ಯ. ಪಾಸ್‌ಪೋರ್ಟಿನಲ್ಲಿ ಒಂದೇ ಖಾನೆ ತುಂಬಿದ್ದರೆ ಅಮೆರಿಕದ ವೀಸಾ ಆ ಹೆಸರನ್ನು ಕುಲನಾಮವೆಂದು ಪರಿಗಣಿಸಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು, ಅಂದರೆ ಮೊದಲ ಹೆಸರು ತಿಳಿದಿಲ್ಲವೆಂದು, ಮುದ್ರಿಸುತ್ತದೆ.

ತಂದೆಯ ಹೆಸರಿನಲ್ಲಿ ಮತ್ತೊಂದು ಪದರವಿದೆ. ‘ತಿಮ್ಮೇಗೌಡ’ ಕನ್ನಡದಲ್ಲಿ ಒಂದು ಸಮಾಸಪದ; ರೋಮನ್‌ನಲ್ಲಿ ನಡುವೆ ಜಾಗ ಬಿಟ್ಟ ಕೂಡಲೇ ‘ಗೌಡ’ ಕುಲನಾಮವಾಗುತ್ತದೆ. ಅಷ್ಟೇ ಆಗಿದ್ದರೆ ಇದು ಕಾಗುಣಿತದ ಪ್ರಶ್ನೆ. ಆದರೆ ‘ತಿಮ್ಮ’, ‘ತಿಮ್ಮಣ್ಣ’, ‘ತಿಮ್ಮಯ್ಯ’ ಎಂಬ ಸರಣಿ ಕಾಗುಣಿತದ್ದಲ್ಲ, ಸಂಬೋಧನೆಯದು. ಯಾರು ಯಾರನ್ನು ಏನೆಂದು ಕರೆಯುತ್ತಿದ್ದರು ಎಂಬುದು ದಾಖಲೆಯಲ್ಲಿ ಹೆಪ್ಪುಗಟ್ಟಿದೆ. ದಲಿತ ಮತ್ತು ಇತರ ದುಡಿಯುವ ಕುಟುಂಬಗಳ ಹಿರಿಯರ ಹೆಸರು ಹಳೆಯ ದಾಖಲೆಗಳಲ್ಲಿ ಬರಿಯ ‘ತಿಮ್ಮ’, ‘ಕರಿಯ’, ‘ಮಾರ’ ಎಂದಿರುವುದು ಆ ಹಿರಿಯರ ಆಯ್ಕೆಯಲ್ಲ, ಬರೆದವರ ರೂಢಿ. ಮಗ ಶಾಲೆಗೆ ಸೇರುವಾಗ ತಂದೆಯನ್ನು ‘ತಿಮ್ಮಯ್ಯ’ ಎಂದು ಬರೆಸುತ್ತಾನೆ. ಜಾತಿ ಪ್ರಮಾಣಪತ್ರ ಹಳೆಯ ದಾಖಲೆಯನ್ನು ಅನುಸರಿಸಿದರೆ ತಂದೆಯ ಹೆಸರು ಕೂಡುವುದಿಲ್ಲ. ಮೀಸಲಾತಿ ಯಾರಿಗಾಗಿ ಇದೆಯೋ ಅವರ ಅರ್ಜಿಯೇ ನಿಲ್ಲುತ್ತದೆ. ಇಲ್ಲಿ ಯಾವುದು ‘ಸರಿಯಾದ’ ಹೆಸರು ಎಂಬ ಪ್ರಶ್ನೆಗೆ ಹಳೆಯ ದಾಖಲೆಯನ್ನು ತೋರಿಸಿ ಉತ್ತರಿಸುವುದನ್ನು ನಾನು ಒಪ್ಪಲಾರೆ.

೪. ಯಂತ್ರದ ಹೋಲಿಕೆ

ಸಮಾನತೆಯನ್ನು ಸಡಿಲಗೊಳಿಸಿ ‘ಸಾಮೀಪ್ಯ’ವನ್ನು ಅಳೆದರೆ ಸಾಕಲ್ಲವೇ ಎಂಬ ಸಲಹೆ ಸಹಜ. ಸಂಕಲನ-ದೂರವೆಂಬ ಅಳತೆ ಒಂದು ಸರಣಿಯನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ಕಳೆಯಬೇಕು, ಬದಲಿಸಬೇಕು ಎಂದು ಎಣಿಸುತ್ತದೆ. ಬಿ-ಎಚ್-ವೈ ಎಂದು ತೊಡಗುವ ಭೈರಪ್ಪನಿಗೂ ಬಿ-ಎಚ್-ಎ-ಐ ಎಂದು ತೊಡಗುವ ಭೈರಪ್ಪನಿಗೂ ಅಂತರ ಎರಡು. ‘ರಮ್ಯ’ ಮತ್ತು ‘ರಮ’ ಎಂಬ ಇಬ್ಬರು ಬೇರೆ ಹುಡುಗಿಯರ ರೋಮನ್ ರೂಪಗಳ ಅಂತರ ಒಂದೇ. ಒಂದೇ ಹೆಸರಿನ ಎರಡು ಬರಹಗಳು ಎರಡು ಬೇರೆ ಹೆಸರುಗಳಿಗಿಂತ ದೂರ ನಿಂತಿವೆ.

೧೯೧೮ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಪದ್ಧತಿ ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಸದೃಶ ವ್ಯಂಜನಗಳಿಗೆ ಒಂದೇ ಅಂಕಿ ಕೊಡುತ್ತದೆ. ‘ರಮೇಶ’ ಮತ್ತು ‘ರಮೇಶ್’ ಎರಡೂ ಅಲ್ಲಿ ಆರ್-೫೨೦. ಭೈರಪ್ಪನ ಮೂರೂ ಕಾಗುಣಿತಗಳು ಬಿ-೬೧೦. ಇಷ್ಟರವರೆಗೆ ಹಿತವೇ. ಆದರೆ ‘ಗೌಡ’ಕ್ಕೂ ಟಿ-ಎಚ್ ಇರುವ ‘ಗೀತಾ’ಗೂ ಒಂದೇ ಸಂಕೇತ, ಜಿ-೩೦೦. ‘ಎಲ್ಲಪ್ಪ’ನೂ ‘ಯಲ್ಲಪ್ಪ’ನೂ ಮೊದಲ ಅಕ್ಷರದ ಕಾರಣದಿಂದ ಬೇರೆ. ಕನ್ನಡಕ್ಕೆ ಮುಖ್ಯವಾದ ಭೇದವನ್ನು ಅದು ಅಳಿಸುತ್ತದೆ, ಅಮುಖ್ಯವಾದುದನ್ನು ಉಳಿಸುತ್ತದೆ. ಬೇಕಾಗಿರುವುದು ಮೇಲೆ ಹೇಳಿದ ನಿಯಮಗಳನ್ನೇ ಬಲ್ಲ ಹೋಲಿಕೆ: ಟಿ-ಎಚ್ ಮತ್ತು ಟಿ, ಪದಾಂತ್ಯದ ಎ, ಪದಾದಿಯ ವೈ, ಗೌಡದ ಹಿಂದಿನ ಜಾಗ, ಇನಿಷಿಯಲ್‌ನ ಸ್ಥಾನ. ಇವುಗಳನ್ನು ಒಂದೇ ವರ್ಗವೆಂದು ಕಾಣುವ ಪಟ್ಟಿ ದೊಡ್ಡದೇನಲ್ಲ. ಕನ್ನಡ ಯೂನಿಕೋಡ್‌ನಲ್ಲಿ ಇನ್ನೊಂದು ಮುಳ್ಳಿದೆ: ‘ರಾಜ್‌ಕುಮಾರ್’ ಎಂದು ಒತ್ತಕ್ಷರವಾಗದಂತೆ ಬರೆಯಲು ಜಕಾರದ ನಂತರ ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತವೊಂದನ್ನು ಸೇರಿಸಬೇಕು. ಅದನ್ನು ಕಿತ್ತುಹಾಕುವ ತಂತ್ರಾಂಶದಲ್ಲಿ ಹೆಸರು ರೂಪವನ್ನೇ ಬದಲಿಸುತ್ತದೆ.

೫. ತಿದ್ದುಪಡಿಯೋ ಬದಲಾವಣೆಯೋ

ಕಾನೂನು ಎರಡು ವರ್ಗಗಳನ್ನು ಬಲ್ಲದು. ಜಿಗ್ಯಾ ಯಾದವ್ ವಿರುದ್ಧ ಸಿಬಿಎಸ್‌ಇ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೨೧ರಲ್ಲಿ ವ್ಯಕ್ತಿಯ ಹೆಸರು ಅವನ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಹೇಳಿತು. ಪ್ರಮಾಣಪತ್ರವನ್ನು ಶಾಲಾ ದಾಖಲೆಗೆ ಹೊಂದಿಸುವುದು ‘ತಿದ್ದುಪಡಿ’, ದಾಖಲೆಯಲ್ಲಿಲ್ಲದ ಹೊಸ ಹೆಸರನ್ನು ಪಡೆಯುವುದು ‘ಬದಲಾವಣೆ’ ಎಂದು ಬೇರ್ಪಡಿಸಿ, ಎರಡನೆಯದಕ್ಕೆ ಹೆಚ್ಚಿನ ಷರತ್ತುಗಳನ್ನು ಇಟ್ಟಿತು. ಆ ಪ್ರಕರಣ ಕೇಂದ್ರೀಯ ಮಂಡಳಿಯದಾದರೂ ವಿಭಜನೆ ಎಲ್ಲೆಡೆ ಉಪಯುಕ್ತ. ಆದರೆ ಕನ್ನಡದ ‘ರಮೇಶ’ನಿಂದ ಹುಟ್ಟಿದ ಎರಡು ರೋಮನ್ ರೂಪಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವುದು ಯಾವ ವರ್ಗ? ಮೂಲದಲ್ಲಿ ತಪ್ಪಿಲ್ಲದ್ದರಿಂದ ತಿದ್ದುಪಡಿಯಲ್ಲ. ಹೆಸರು ಅದೇ ಆದ್ದರಿಂದ ಬದಲಾವಣೆಯೂ ಅಲ್ಲ. ‘ಲಿಪ್ಯಂತರ ಭೇದ’ ಎಂಬ ಮೂರನೆಯ ವರ್ಗ ಬೇಕು; ಅದಕ್ಕೆ ಪುರಾವೆಯಾಗಿ ಕನ್ನಡದ ಮೂಲರೂಪವೊಂದು ಸಾಕಾಗಬೇಕು. ‘ತಿಮ್ಮ’ನಿಂದ ‘ತಿಮ್ಮಯ್ಯ’ನಾಗುವುದು ಇದರೊಳಗೆ ಬರುವುದಿಲ್ಲ; ಅದು ಗೌರವರೂಪದ ಪ್ರಶ್ನೆ, ಪ್ರತ್ಯೇಕ ಅನುಕಂಪದಿಂದ ನೋಡಬೇಕಾದದ್ದು.

ಅಂಥ ವರ್ಗ ಬರುವವರೆಗೆ ವಿದ್ಯಾರ್ಥಿಗೆ ಹೇಳಬಹುದಾದದ್ದು ಹೀಗಿದೆ. ಹತ್ತನೆಯ ತರಗತಿಯ ಅಂಕಪಟ್ಟಿಯ ರೋಮನ್ ರೂಪವನ್ನು ಕೀಲಕವೆಂದು ಹಿಡಿಯಬೇಕು. ಅದರ ಕಾಗುಣಿತ ಇಷ್ಟವಾಗಲಿ ಬಿಡಲಿ, ಮುಂದಿನ ಅರ್ಜಿಗಳಲ್ಲಿ ಜಾಗ ಮತ್ತು ಇನಿಷಿಯಲ್ ಸಹಿತ ಅದನ್ನೇ ಬರೆಯಬೇಕು. ಅಂಕಪಟ್ಟಿಯಲ್ಲೇ ನಿಜವಾದ ತಪ್ಪಿದ್ದರೆ, ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ದಾಖಲಾತಿ ಪುಸ್ತಕದ ಆಧಾರದ ಮೇಲೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಹೋಗಬೇಕು; ಇದನ್ನು ಪಿಯುಸಿಗೆ ಮೊದಲೇ ಮಾಡಿದರೆ ಮುಂದಿನ ದಾಖಲೆಗಳು ತಾವಾಗಿ ಸರಿಯಾಗುತ್ತವೆ. ತಪ್ಪಿಲ್ಲದೆ ಭೇದ ಮಾತ್ರವಿದ್ದರೆ ಆಧಾರ್ ಅನ್ನು ಅಂಕಪಟ್ಟಿಗೆ ಹೊಂದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡು ಬಾರಿ ಮಾತ್ರ ಬದಲಿಸಲು ಅವಕಾಶವಿರುವುದರಿಂದ, ಇನಿಷಿಯಲ್ ಬಿಡಿಸುವ ಪ್ರಶ್ನೆಯನ್ನೂ ಪಾಸ್‌ಪೋರ್ಟಿನ ಅಗತ್ಯವನ್ನೂ ಒಟ್ಟಿಗೆ ಯೋಚಿಸಿ ಒಂದೇ ಬಾರಿಗೆ ಮುಗಿಸುವುದು ಒಳಿತು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಹೊಸದಾಗಿ ಪಡೆಯುವಾಗ ನಾಡಕಚೇರಿಯ ಕಿಂಡಿಯಲ್ಲಿ ಹೆಸರನ್ನು ಬಾಯಿಯಲ್ಲಿ ಹೇಳದೆ ಅಂಕಪಟ್ಟಿಯ ಪ್ರತಿಯನ್ನೇ ಮುಂದಿಡಬೇಕು.

ಸಮಯವಿಲ್ಲದಾಗ ಉಳಿಯುವುದು ನೋಟರಿಯ ಮುಂದೆ ಮಾಡುವ ಪ್ರಮಾಣಪತ್ರ: ‘ಈ ಎರಡೂ ಹೆಸರುಗಳು ಒಬ್ಬನೇ ವ್ಯಕ್ತಿಗೆ ಸೇರಿದವು’ ಎಂಬ ಅರ್ಥದ ಒಕ್ಕಣೆ. ೧೮೯೨ರಲ್ಲಿ ಫ್ರೇಗೆ ಎತ್ತಿದ ಪ್ರಶ್ನೆಯ, ‘ಅ’ ಎಂಬುದು ‘ಆ’ ಎಂಬುದೇ ಎಂದಾಗ ನಾವು ನಿಜವಾಗಿ ಏನನ್ನು ತಿಳಿದಂತಾಯಿತು ಎಂಬುದರ, ಕಚೇರಿ ರೂಪ ಇದು. ಸಾಮಾನ್ಯವಾಗಿ ಈ ಪತ್ರ 'ಒಬ್ಬನೇ’ ಎಂದಷ್ಟೇ ಹೇಳಿ ನಿಲ್ಲುತ್ತದೆ; ವ್ಯತ್ಯಾಸ ಯಾಕೆ ಹುಟ್ಟಿತೆಂದು ಹೇಳುವುದಿಲ್ಲ. ಹಾಗಾಗಿ ಮುಂದಿನ ಕಚೇರಿ ಮತ್ತೆ ಸಂಶಯದಿಂದ ಆರಂಭಿಸುತ್ತದೆ. ಅದರಲ್ಲಿ ಮೂರು ಸಾಲು ಸೇರಿಸಿದರೆ ಪರಿಶೀಲಿಸುವವರ ಕೆಲಸ ಹಗುರಾಗುತ್ತದೆ: ದಾಖಲಾತಿ ಪುಸ್ತಕದಲ್ಲಿರುವ ಕನ್ನಡ ರೂಪ, ಎರಡು ರೋಮನ್ ರೂಪಗಳು ಭಿನ್ನವಾಗುವ ಅಕ್ಷರ ಯಾವುದು, ಆ ಭೇದ ಪದಾಂತ್ಯದ ಅಕಾರದ್ದೋ, ದಂತ್ಯ ತಕಾರದ್ದೋ, ಇನಿಷಿಯಲ್‌ನ ಸ್ಥಾನದ್ದೋ ಎಂಬುದು. ಇದನ್ನು ಬರೆದುಕೊಡಲು ವಕೀಲರೇ ಬೇಕಿಲ್ಲ. ಕಾಲೇಜಿನ ಕನ್ನಡ ಅಧ್ಯಾಪಕರು ಹತ್ತು ನಿಮಿಷದಲ್ಲಿ ಬರೆದುಕೊಡಬಲ್ಲರು.